ಜನವರಿ 26: ಒಂದು ತಾರೀಖು, ಹಲವು ನೆನಪು

ಶಾಲಾ ಮಕ್ಕಳಿಗೆ ಜನವರಿ 26 ಎಂದರೆ ಧ್ವಜವಂದನೆ, ಪಥಸಂಚಲನ, ಕೊನೆಗೆ ಸಿಹಿ ಹಂಚಿಕೆ. ಸಂವಿಧಾನ ಜಾರಿಗೆ ಬಂದ ದಿನ ಅದು. ಆದರೆ ಸಂವಿಧಾನ ಸಭೆ ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆ ಮುಂತಾದ ಕೆಲವು ವಿಧಿಗಳು ಅಂದೇ ಜಾರಿಯಾದವು. ಉಳಿದವು ಎರಡು ತಿಂಗಳು ಕಾಯಬೇಕಾಯಿತು. ಏಕೆ?

ಉತ್ತರ ಇರುವುದು ಲಾಹೋರಿನಲ್ಲಿ. 1929ರ ಡಿಸೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಅಧ್ಯಕ್ಷತೆಯಲ್ಲಿ ರಾವಿ ನದಿಯ ದಂಡೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ನಿರ್ಣಯ ಕೈಗೊಂಡಿತು. ದೇಶವಾಸಿಗಳು ಪ್ರತಿಜ್ಞೆ ಸ್ವೀಕರಿಸಲು ಗೊತ್ತುಮಾಡಿದ್ದು ಜನವರಿಯ ಕೊನೆಯ ಭಾನುವಾರ. 1930ರಲ್ಲಿ ಅದು 26ನೇ ತಾರೀಖು. ಮುಂದೆ ವರ್ಷವೂ ಅದನ್ನೇ ‘ಸ್ವಾತಂತ್ರ್ಯ ದಿನ’ವೆಂದು ಆಚರಿಸಲಾಯಿತು. ಆದರೆ 1947ರಲ್ಲಿ ಮೌಂಟ್‌ಬ್ಯಾಟನ್ ಆರಿಸಿದ್ದು ಜಪಾನ್ ಶರಣಾದ ದಿನವಾದ ಆಗಸ್ಟ್ 15ನ್ನು. ಜನರು ಹದಿನೇಳು ವರ್ಷ ಕಾಪಾಡಿಕೊಂಡು ಬಂದ ತಾರೀಖು ಮರೆಯಾಗದಿರಲೆಂದೇ 1950ರಲ್ಲಿ ಗಣರಾಜ್ಯಕ್ಕೆ ಅದನ್ನು ಆರಿಸಲಾಯಿತು.

ಕನ್ನಡ ನಾಡಿಗೆ ಈ ದಿನದ ನೆನಪು ಇನ್ನೂ ಹಳೆಯದು. ಕಿತ್ತೂರು ರಾಣಿ ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಕಾಂಗ್ರೆಸ್ ನಾಯಕರು ನೋಡಿದ್ದು ಭಾನುವಾರವನ್ನು, ಉಳಿದದ್ದು ಕಾಕತಾಳೀಯ.

2001ರ ಇದೇ ದಿನ ಬೆಳಿಗ್ಗೆ ಗುಜರಾತಿನ ಕಛ್ ಪ್ರದೇಶ ಕಂಪಿಸಿತು. ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಕಟ್ಟಡಗಳು ಕುಸಿದವು. ನಂದಗಡದಲ್ಲಿ, ಅಂಜಾರಿನಲ್ಲಿ ಧ್ವಜ ಏರುವ ದಿನವೇ ಅಗಲಿದವರನ್ನು ನೆನೆಯುವ ದಿನವೂ ಹೌದು.