ರನ್ನನಿಂದ ರಾವಬಹಾದ್ದೂರರವರೆಗೆ: ಪಾತ್ರದ ಮನಸ್ಸು ಹೊಕ್ಕ ಕಥನ

‘ಅವನು’, ‘ಅವಳು’ ಎಂದು ಹೊರಗೆ ನಿಂತು ಕಥೆ ಹೇಳುತ್ತಲೇ ಪಾತ್ರದ ಒಳಮನಸ್ಸನ್ನು ತೆರೆದಿಡುವ ಕಲೆಗೆ ಮುಧೋಳ ಸೀಮೆಯಲ್ಲಿ ಸಾವಿರ ವರ್ಷಗಳ ಹಿನ್ನೆಲೆಯಿದೆ. 949ರಲ್ಲಿ ಇಲ್ಲಿನ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ, ಚಾಲುಕ್ಯ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮ ವಿಜಯ’ವನ್ನು ಬರೆದ. ‘ಗದಾಯುದ್ಧ’ವೆಂದು ಹೆಸರಾದ ಚಂಪೂಕಾವ್ಯ ಇದೇ. ಆಶ್ರಯದಾತನ ಸಲುವಾಗಿ ಭೀಮನೇ ನಾಯಕ. ಓದುಗನ ಮನಸ್ಸನ್ನು ಕಟ್ಟಿಹಾಕುವವನು ಮಾತ್ರ ದುರ್ಯೋಧನ.

ಇದು ಸಾಧ್ಯವಾದದ್ದು ಕಥೆ ಹೇಳಿದ ಬಗೆಯಿಂದ. ರನ್ನ ಕುರುಕ್ಷೇತ್ರದ ಕೊನೆಯ ಘಟ್ಟದಲ್ಲಿ ನಿಂತು, ಹಿಂದೆ ನಡೆದದ್ದನ್ನು ಸಿಂಹಾವಲೋಕನ ಕ್ರಮದಲ್ಲಿ ತರುತ್ತಾನೆ. ಹೀಗಾಗಿ ಮಹಾಭಾರತದ ಘಟನೆಗಳು ಬರಿಯ ವರದಿಯಾಗದೆ ಪಾತ್ರಗಳ ನೆನಪಾಗಿ, ಸಂಕಟವಾಗಿ, ರೋಷವಾಗಿ ಬರುತ್ತವೆ. ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನ ದ್ರೋಣ, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಶವಗಳ ಮುಂದೆ ಒಂದೊಂದಾಗಿ ನಿಲ್ಲುತ್ತಾನೆ. ತಾಯಿಯ ಹಾಲನ್ನು ತಾನು ಮೊದಲು ಕುಡಿದೆ, ತಮ್ಮ ಆಮೇಲೆ. ಸಾವಿನಲ್ಲಿ ಮಾತ್ರ ಈ ಕ್ರಮ ತಪ್ಪಿತೆಂದು ದುಶ್ಶಾಸನನೆದುರು ಹಲುಬುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡಾಗಲೋ, ಅಂಥ ವೀರಮರಣ ತನಗೂ ದೊರೆಯಲೆಂದು ಬಯಸುತ್ತಾನೆ. ಇಲ್ಲಿ ಕವಿ ವಿವರಣೆಗೆ ನಿಲ್ಲುವುದಿಲ್ಲ, ಪಾತ್ರದ ಬಾಯಿಂದಲೇ ಮನಸ್ಸನ್ನು ಆಡಿಸುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ನಾಟಕವಾಗಿ ಹೊಂದಿಸಿಕೊಳ್ಳಲು ಈ ಗುಣವೇ ಒದಗಿಬಂದಿತು.

ಮುಂದೆ ದುರ್ಯೋಧನ ಅಡಗಿ ಕೂತ ವೈಶಂಪಾಯನ ಸರೋವರದಲ್ಲಿ ಕವಿಯ ದಾರಿ ಬೇರೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರಿನೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಕೋಪವನ್ನೂ ಅವಮಾನವನ್ನೂ ಹೆಸರಿಸದೆ ಕವಿ ಬೆವರೊಂದನ್ನೇ ತೋರಿಸುತ್ತಾನೆ. ಅದು ಭೀಮನ ಕಣ್ಣಿಗೆ ಬೀಳುವಂಥದ್ದಲ್ಲ, ರಂಗದ ಮೇಲೆ ಕಾಣಿಸುವಂಥದ್ದೂ ಅಲ್ಲ. ಕಥೆ ಹೇಳುವವನಿಗಷ್ಟೇ ಎಟುಕುವ ವಿವರ. ಇಡೀ ಕಾವ್ಯದಲ್ಲಿ ಮನಸ್ಸನ್ನು ಇಷ್ಟು ಬಿಗಿಯಾಗಿ ಹಿಡಿದ ಜಾಗ ಇನ್ನೊಂದಿಲ್ಲ.

ಗದ್ಯದ ಕಾದಂಬರಿ ಬಂದ ಮೇಲೆ ಈ ಸೀಮೆಯಿಂದ ಬೇರೆಯದೇ ಪ್ರಯೋಗ ಹೊರಟಿತು. ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯ ರಾವಬಹಾದ್ದೂರ ಅವರ ‘ಗ್ರಾಮಾಯಣ’ 1957ರಲ್ಲಿ ಪ್ರಕಟವಾಯಿತು. ಅಲ್ಲಿ ಒಬ್ಬ ನಾಯಕನಿಲ್ಲ, ಹಳ್ಳಿಯೇ ನಾಯಕ. ರನ್ನ ಒಬ್ಬನ ಅಂತರಂಗದಲ್ಲಿ ಬೀಡುಬಿಟ್ಟರೆ, ಇಲ್ಲಿನ ನಿರೂಪಕ ಒಬ್ಬರ ದುಃಖದಿಂದ ಇನ್ನೊಬ್ಬರ ಆಸೆಗೆ, ಅಲ್ಲಿಂದ ಊರ ಮಾತಿಗೆ ಸಾಗುತ್ತಾನೆ. ಯಾರೊಬ್ಬರ ತಿಳಿವಳಿಕೆಯೂ ಪೂರ್ತಿ ಸತ್ಯವಾಗದೆ, ಊರಿನ ಅವನತಿ ಎಲ್ಲರ ಮನಸ್ಸುಗಳಲ್ಲಿ ಹಂಚಿಕೊಂಡು ತೋರುತ್ತದೆ.