ಹೆಬ್ಬೆರಳಿಗೆ ಒಗ್ಗಿದ ಕೀಲಿಮಣೆ

ಬ್ಲ್ಯಾಕ್‌ಬೆರಿಯ ಕೀಲಿಮಣೆ ಮರೆಯಾದದ್ದಕ್ಕೆ ಅದರ ವಿನ್ಯಾಸವನ್ನು ದೂರುವುದು ಅನ್ಯಾಯ; ಜನ ಫೋನಿನಿಂದ ಬಯಸಿದ ಕೆಲಸವೇ ಬದಲಾಯಿತು. ಕೆನಡಾದ ವಾಟರ್ಲೂ ಊರಿನ ರಿಸರ್ಚ್ ಇನ್ ಮೋಷನ್ ಕಂಪನಿ 1999ರಲ್ಲಿ ತಂದ ಬ್ಲ್ಯಾಕ್‌ಬೆರಿ 850ರಲ್ಲಿ ಮಾತಾಡುವ ಸೌಲಭ್ಯವೇ ಇರಲಿಲ್ಲ. ಅದು ಇ-ಮೇಲ್ ಬರುವ ಪೇಜರ್. ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದಲೇ ಬರೆಯಬೇಕೆಂಬ ಲೆಕ್ಕದಲ್ಲಿ ಅದರ ಕೀಲಿಗಳು ರೂಪುಗೊಂಡಿದ್ದವು. 2008ರ ಬೋಲ್ಡ್ 9000 ಫೋನಿನ ಹೊತ್ತಿಗೆ ಆ ಕಲೆ ಪಕ್ವವಾಗಿತ್ತು. ಪ್ರತಿ ಕೀಲಿಯ ಮೈಯಲ್ಲೂ ಸಣ್ಣ ಏಣು, ಸಾಲುಗಳ ನಡುವೆ ತೆಳು ಪಟ್ಟಿ. ನೋಡದೆಯೇ ಬೆರಳಿಗೆ ಅಕ್ಷರ ಸಿಗುತ್ತಿತ್ತು. ಸ್ಪೇಸ್ ಕೀಲಿಯನ್ನು ಎರಡು ಸಲ ಒತ್ತಿದರೆ ಪೂರ್ಣವಿರಾಮ, ಅಕ್ಷರವನ್ನು ಒತ್ತಿ ಹಿಡಿದರೆ ದೊಡ್ಡಕ್ಷರ. ದಿನವಿಡೀ ಇ-ಮೇಲ್‌ಗೆ ಉತ್ತರಿಸುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಹಾಗಿದ್ದರೆ 2007ರಲ್ಲಿ ಬಂದ ಐಫೋನಿನ ಮುಂದೆ ಅದೇಕೆ ನಿಲ್ಲಲಿಲ್ಲ ಎಂದು ಕೇಳಬಹುದು. ಕೀಲಿಗಳು ಫೋನಿನ ಮುಖದ ದೊಡ್ಡ ಪಾಲನ್ನೇ ನುಂಗುತ್ತಿದ್ದವು. ನಕ್ಷೆ, ವಿಡಿಯೊ ನೋಡಲು ಆ ಜಾಗ ಬೇಕಾಯಿತು. ಒತ್ತಿದರೆ ಇಡೀ ಪರದೆಯೇ ಕ್ಲಿಕ್ ಎನ್ನುವ ಸ್ಟಾರ್ಮ್ ಫೋನನ್ನು 2008ರಲ್ಲಿ ತಂದು ಕಂಪನಿ ಕೀಲಿಯ ಸ್ಪರ್ಶ, ದೊಡ್ಡ ಪರದೆ ಎರಡನ್ನೂ ಕೂಡಿಸಲು ನೋಡಿತು, ಕೂಡಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಅಚ್ಚಾದ ಕೀಲಿ ಅಚ್ಚಾದ ಲಿಪಿಗೇ ಕಟ್ಟುಬೀಳುತ್ತದೆ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ಬೇಕೆಂದಾಗ ತೋರಿಸಿ ಬೇಡವಾದಾಗ ಮರೆಮಾಡುವುದು ಗಾಜಿನ ಪರದೆಗೆ ಸುಲಭ, ಪ್ಲಾಸ್ಟಿಕ್ ಕೀಲಿಗೆ ಅಸಾಧ್ಯ.