ಗೋಡೆಯ ಮೇಲಿದ್ದವರ ಭಾಷೆ: ಬೈಬಲ್ಲಿನ ಚರಿತ್ರೆ ಪುಸ್ತಕಗಳನ್ನು ಆದೋನಿಯಲ್ಲಿ ಕೂತು ಓದುವುದು

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ನಾನು ಆದೋನಿ ಕಡೆಯವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ಎರಡು ಬೈಬಲ್ಲುಗಳಿವೆ. ಕನ್ನಡದ್ದು ಎಂಬತ್ತು ದಾಟಿದ ನಮ್ಮ ಅಜ್ಜಿಯದು. ತೆಲುಗಿನದು ಮಿಕ್ಕವರೆಲ್ಲರದು. ಚರ್ಚಿನಲ್ಲಿ ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲವೂ ತೆಲುಗಿನಲ್ಲೇ. ಅಜ್ಜಿ ಮಾತ್ರ ತನ್ನ ಕನ್ನಡ ಬೈಬಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಾಳೆ.

ಇದು ಅಜ್ಜಿಯ ಹಠ ಅಂತ ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇದಕ್ಕೊಂದು ಚರಿತ್ರೆ ಇದೆ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಇಡೀ ಬೈಬಲ್ ಮೊದಲು ಕನ್ನಡಕ್ಕೆ ಬಂದದ್ದು ಅವರ ಕೆಲಸದಿಂದ, 1830ರ ದಶಕದ ಆರಂಭದ ಹೊತ್ತಿಗೆ. ಆದೋನಿ, ಆಲೂರು, ರಾಯದುರ್ಗ ಆಗಿನ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಈ ಮೂರು ತಾಲೂಕು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಅಜ್ಜಿ ಅಕ್ಷರ ಕಲಿತದ್ದು ಅದಕ್ಕಿಂತ ಮುಂಚೆ. ಹಾಗಾಗಿ ಆಕೆಯ ಕೈಲಿರುವುದು ಹೊರಗಿನಿಂದ ಬಂದ ಪುಸ್ತಕ ಅಲ್ಲ, ಆಕೆಯ ಜಿಲ್ಲಾಕೇಂದ್ರದಲ್ಲಿ ಕನ್ನಡವಾದ ಪುಸ್ತಕ.

ಇನ್ನು ವಿಷಯಕ್ಕೆ. ಯೆಹೋಶುವನಿಂದ ಎಸ್ತೇರಳ ತನಕ ಇರುವ ಹನ್ನೆರಡು ಪುಸ್ತಕಗಳನ್ನು ನಾವು 'ಚರಿತ್ರೆಯ ಪುಸ್ತಕಗಳು' ಅನ್ನುತ್ತೇವೆ. ಯೆಹೂದ್ಯರ ಹೀಬ್ರೂ ಬೈಬಲ್ಲಿನಲ್ಲಿ ಈ ಹೆಸರಿನ ವಿಭಾಗವೇ ಇಲ್ಲ. ಅಲ್ಲಿ ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ, ಅರಸುಗಳು ಇವು ಪ್ರವಾದಿಗಳ ಸಾಲಿನಲ್ಲಿ ಬರುತ್ತವೆ. ಪೂರ್ವಕಾಲವೃತ್ತಾಂತ, ಎಜ್ರ, ನೆಹೆಮೀಯ, ರೂತ್, ಎಸ್ತೇರ್ ಬೇರೆ ಕಡೆ ಕೂತಿವೆ. ಅಂದರೆ ಅವರಿಗೆ ಅರಸರ ಕಥೆ ಕೂಡ ಪ್ರವಾದನೆಯೇ: ಅದು ಏನಾಯಿತು ಅಂತ ಹೇಳಿ ಸುಮ್ಮನಾಗುವುದಿಲ್ಲ, ಯಾಕಾಯಿತು ಅಂತ ಕೇಳುತ್ತದೆ. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯ ಬಿತ್ತು, 586ರ ಸುಮಾರಿಗೆ ಯೆರೂಸಲೇಮ್ ಬಿತ್ತು. ಸೋತವರು ತಮ್ಮ ಸೋಲನ್ನು ತಾವೇ ಬರೆದುಕೊಂಡು ತಪ್ಪು ನಮ್ಮದು ಅಂದದ್ದು ಈ ಪುಸ್ತಕಗಳಲ್ಲಿದೆ. ರಾಜರ ಹೊಗಳಿಕೆಯ ಶಾಸನಗಳನ್ನೇ ಓದಿ ರೂಢಿಯಾದ ನಮಗೆ ಇದು ಅಪರೂಪ.

ಆದರೂ ಒಂದೇ ಕಥೆ ಎರಡು ಸಲ, ಎರಡು ರೀತಿ ಇದೆ. ದಾವೀದನು ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು ಊರೀಯನನ್ನು ಕೊಲ್ಲಿಸಿದ್ದು ಸಮುವೇಲನ ಪುಸ್ತಕದಲ್ಲಿ ಉಂಟು, ಪೂರ್ವಕಾಲವೃತ್ತಾಂತದಲ್ಲಿ ಇಲ್ಲ. ಅಶ್ಶೂರದ ಸನ್ಹೇರೀಬ ಕ್ರಿ.ಪೂ. 701ರಲ್ಲಿ ದಂಡೆತ್ತಿ ಬಂದಾಗ ಹಿಜ್ಕೀಯ ಅರಸನು ಮುನ್ನೂರು ತಲಾಂತು ಬೆಳ್ಳಿ, ಮೂವತ್ತು ತಲಾಂತು ಬಂಗಾರ ಕಪ್ಪ ಕೊಟ್ಟ, ದೇವಾಲಯದ ಬಾಗಿಲಿನ ಬಂಗಾರವನ್ನೂ ಕೀಳಿಸಿದ ಅಂತ ಅರಸುಗಳ ಪುಸ್ತಕ ಹೇಳುತ್ತದೆ. ವೃತ್ತಾಂತಕಾರ ಅದನ್ನು ಬಿಟ್ಟಿದ್ದಾನೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಸನ್ಹೇರೀಬನ ಮಣ್ಣಿನ ಬರಹದಲ್ಲಿ ಬಂಗಾರದ ಲೆಕ್ಕ ಅದೇ ಮೂವತ್ತು, ಬೆಳ್ಳಿ ಮಾತ್ರ ಎಂಟುನೂರು. ಯೆರೂಸಲೇಮನ್ನು ಹಿಡಿದೆ ಅಂತ ಅವನೂ ಹೇಳಿಕೊಂಡಿಲ್ಲ.

ಕನ್ನಡ ಸಾಹಿತ್ಯ ಓದುವವರಿಗೆ ಇದರಲ್ಲಿ ಗಾಬರಿ ಆಗುವಂಥದ್ದೇನಿಲ್ಲ. ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಪಂಪ, ದ್ರೌಪದಿಯನ್ನು ಅರ್ಜುನ ಒಬ್ಬನಿಗೇ ಮದುವೆ ಮಾಡಿಸಿದ. ಹಾಗಂತ ನಾವು ಪಂಪ ಸುಳ್ಳ ಅಂತ ಪುಸ್ತಕ ಮುಚ್ಚುವುದಿಲ್ಲ. ಯಾರಿಗಾಗಿ, ಯಾವಾಗ ಬರೆದ ಅಂತ ಕೇಳ್ತೀವಿ. ವೃತ್ತಾಂತಕಾರ ಬರೆದದ್ದು ಸೆರೆಯಿಂದ ತಿರುಗಿ ಬಂದ ಜನರಿಗೆ. ಅವರಿಗೆ ಬೇಕಾಗಿದ್ದದ್ದು ಬೈಗುಳ ಅಲ್ಲ, ಮತ್ತೆ ಆರಾಧನೆ ಶುರು ಮಾಡುವ ಧೈರ್ಯ. ನನಗೆ ಮುಖ್ಯ ಅನ್ನಿಸೋದು, ಬೈಬಲ್ಲನ್ನು ಒಟ್ಟುಮಾಡಿದವರು ಎರಡನ್ನೂ ಉಳಿಸಿಕೊಂಡರು. ಒಂದನ್ನು ಅಳಿಸಿ ಇನ್ನೊಂದನ್ನು ಸರಿಮಾಡಲಿಲ್ಲ.

ಅದೇ ಮುತ್ತಿಗೆಯ ಕಥೆಯಲ್ಲಿ ಭಾಷೆಯ ಒಂದು ಪ್ರಸಂಗ ಇದೆ. ಸನ್ಹೇರೀಬನ ಅಧಿಕಾರಿ ರಬ್ಷಾಕೆ ಗೋಡೆಯ ಹೊರಗೆ ನಿಂತು ಯೆಹೂದ್ಯರ ಮಾತಿನಲ್ಲೇ ಬೆದರಿಸುತ್ತಾನೆ. ಒಳಗಿನ ಅಧಿಕಾರಿಗಳು, ದಯವಿಟ್ಟು ಅರಾಮ್ಯ ಭಾಷೆಯಲ್ಲಿ ಮಾತಾಡಿ, ನಮಗೆ ತಿಳಿಯುತ್ತೆ, ಗೋಡೆಯ ಮೇಲಿನ ಜನರಿಗೆ ಕೇಳಿಸೋದು ಬೇಡ ಅಂತ ಬೇಡಿಕೊಳ್ಳುತ್ತಾರೆ. ಅವನು ಇನ್ನೂ ಜೋರಾಗಿ ಜನರ ಮಾತಿನಲ್ಲೇ ಕೂಗುತ್ತಾನೆ. ಕಚೇರಿಗೊಂದು ಭಾಷೆ, ಮನೆಗೊಂದು ಭಾಷೆ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯ್ನುಡಿಯಲ್ಲಿ ಬಂದ ಮಾತೆಲ್ಲ ನಮ್ಮ ಒಳ್ಳೆಯದಕ್ಕೇ ಬಂದದ್ದಲ್ಲ ಅಂತಲೂ ಇದರಲ್ಲಿ ಕಂಡಿತು ನನಗೆ.

ಇನ್ನೊಂದು ಗೋಡೆ ನೆಹೆಮೀಯನದು. ಕ್ರಿ.ಪೂ. 445ರಲ್ಲಿ ಪರ್ಷಿಯದ ಅರಸನ ಅಪ್ಪಣೆ ಪಡೆದು ಬಂದು ಯೆರೂಸಲೇಮಿನ ಗೋಡೆ ಕಟ್ಟಿಸಿದವನು. ಎದ್ದು ಕಟ್ಟೋಣ ಅಂತ ಪ್ರಸಂಗಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಹದಿಮೂರನೇ ಅಧ್ಯಾಯದ ಮೇಲೆ ಒಂದನ್ನೂ ಕೇಳಿಲ್ಲ. ಅಲ್ಲಿ ಅವನು ಅಷ್ಡೋದ್, ಅಮ್ಮೋನ್, ಮೋವಾಬ್ ಕಡೆಯ ಹೆಂಡಂದಿರನ್ನು ತಂದುಕೊಂಡವರನ್ನು ನೋಡುತ್ತಾನೆ. ಅವರ ಮಕ್ಕಳಲ್ಲಿ ಅರ್ಧ ಮಂದಿಗೆ ಅಷ್ಡೋದಿನ ಮಾತು ಬರುತ್ತೆ, ಯೆಹೂದ್ಯರ ಮಾತು ಬರಲ್ಲ. ಅವನು ಆ ಗಂಡಸರನ್ನು ಶಪಿಸಿ, ಕೆಲವರನ್ನು ಹೊಡೆದು, ಕೂದಲು ಕಿತ್ತು, ಇನ್ನು ಇಂಥ ಸಂಬಂಧ ಮಾಡೋದಿಲ್ಲ ಅಂತ ಆಣೆ ಹಾಕಿಸುತ್ತಾನೆ. ಎಜ್ರನ ಕೊನೆಯ ಅಧ್ಯಾಯದಲ್ಲಿ ಇಂಥ ಹೆಂಡಂದಿರನ್ನು ಕಳಿಸಿಬಿಡುವ ತೀರ್ಮಾನವೇ ಆಗುತ್ತದೆ. ಆ ಹೆಂಗಸರು ಏನಂದರು ಅಂತ ಎರಡು ಪುಸ್ತಕದಲ್ಲೂ ಒಂದು ಸಾಲಿಲ್ಲ.

ನಿಜ ಹೇಳಬೇಕಂದ್ರೆ, ಮೊದಲ ಸಲ ಇದನ್ನು ಓದಿದಾಗ ನಾನು ನೆಹೆಮೀಯನ ಪಕ್ಷ. ಭಾಷೆ ಹೋಗ್ತಿದೆ ಅನ್ನೋ ಸಂಕಟ ನನಗೆ ಗೊತ್ತು. ನಮ್ಮ ಅತ್ತಿಗೆ ತೆಲುಗಿನವರು. ಅಣ್ಣನ ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಓದಲು ಬರಲ್ಲ. ಅಜ್ಜಿಯೇ ಒಂದು ದಿನ ಈ ಅಧ್ಯಾಯ ತೆಗೆದು, 'ನೋಡವ್ವ, ಆಗ್ಲೂ ಹಿಂಗೇ ಆಗಿತ್ತು' ಅಂದಳು. ಅತ್ತಿಗೆ ಪಕ್ಕದಲ್ಲೇ ಕಾಳು ಹಸನು ಮಾಡುತ್ತಾ ಕೂತಿದ್ದರು. ಕನ್ನಡ ಅವರಿಗೆ ಚೆನ್ನಾಗಿ ತಿಳಿಯುತ್ತೆ. ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದರು. ಆ ಹೊತ್ತಿನಲ್ಲಿ ಆ ಅಧ್ಯಾಯ ಬೇರೆ ಥರ ಕಂಡಿತು.

ಆಮೇಲೆ ರೂತಳ ಪುಸ್ತಕಕ್ಕೆ ಹೋದೆ. ನಾಲ್ಕೇ ಅಧ್ಯಾಯ. ರೂತ್ ಮೋವಾಬಿನವಳು, ನೆಹೆಮೀಯನ ಪಟ್ಟಿಯಲ್ಲಿದ್ದ ಅದೇ ಮೋವಾಬ್. ಗಂಡ ಸತ್ತ ಮೇಲೂ ಅತ್ತೆ ನೊವೊಮಿಯನ್ನು ಬಿಡದೆ ಬೇತ್ಲೆಹೇಮಿಗೆ ಬಂದು, ಹೊಲದಲ್ಲಿ ಹಕ್ಕಲು ಆಯ್ದು ಅತ್ತೆಯನ್ನು ಸಾಕುತ್ತಾಳೆ. ಕೊನೆಗೆ ವಂಶಾವಳಿ: ರೂತಳ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಈ ಪುಸ್ತಕವನ್ನು ನೆಹೆಮೀಯನ ಕಾಲದ ನಿಯಮಕ್ಕೆ ಉತ್ತರವಾಗಿ ಬರೆದದ್ದು ಅನ್ನುವ ವಿದ್ವಾಂಸರಿದ್ದಾರೆ. ಎಲ್ಲರೂ ಒಪ್ಪುವುದಿಲ್ಲ. ಕಾಲ ಯಾವುದೇ ಇರಲಿ, ಎರಡೂ ಒಂದೇ ರಟ್ಟಿನೊಳಗೆ ಇವೆ. ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ ಹೆಸರು ಹೇಳಿದ್ದು ನೆಹೆಮೀಯನದಲ್ಲ, ರೂತಳದು. ಊರೀಯನ ಹೆಂಡತಿಯನ್ನೂ ಮರೆಸದೆ ಸೇರಿಸಿದ.

ಚರಿತ್ರೆಯ ಪುಸ್ತಕಗಳಿಂದ ವಿಶ್ವಾಸಿಗೆ ಪಾಠ ಏನು ಅಂತ ಕೇಳಿದಾಗ ಸಾಮಾನ್ಯವಾಗಿ ಒಬ್ಬ ನಾಯಕನನ್ನು ಆರಿಸಿ ಅವನ ಹಾಗೆ ಇರಿ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೆಹೆಮೀಯನ ಸಂಕಟ ಸುಳ್ಳಲ್ಲ, ಅವನ ಕೈ ಕೂದಲಿಗೆ ಹೋದದ್ದೂ ಸುಳ್ಳಲ್ಲ. ದೇವರ ಮಾತು ಅಂತ ನಾವು ನಂಬುವ ಪುಸ್ತಕವೇ ಅವನಿಗೆ ಎದುರು ಸಾಕ್ಷಿಯಾಗಿ ಒಬ್ಬ ಮೋವಾಬ್ಯ ಸೊಸೆಯನ್ನು ತಂದು ನಿಲ್ಲಿಸಿದೆ.

ಸಮಯ ಆಯ್ತು ಅಂತ ಅಧ್ಯಕ್ಷರು ಚೀಟಿ ಕಳಿಸ್ತಿದ್ದಾರೆ, ಮುಗಿಸ್ತೀನಿ. ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಓದುವ ಹಾಗಿರಲಿಲ್ಲ. ಅತ್ತಿಗೆ ಮಂಚದ ತುದಿಯಲ್ಲಿ ಕೂತು ರೂತಳ ಎರಡನೇ ಅಧ್ಯಾಯವನ್ನು ತೆಲುಗಿನಲ್ಲಿ ಓದುತ್ತಿದ್ದರು. ಅಜ್ಜಿ ಕಣ್ಣು ಮುಚ್ಚಿ ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಹೂಂಗುಟ್ಟುತ್ತಿದ್ದಳು.